ಟಿಡಿಎಸ್ ಪೆನ್ನು, ಹನಿ ಕಿಟ್ಟು, ಸಾಫ್ಟ್‌ನರ್: ಚಿತ್ರದುರ್ಗದ ನೀರಿಗೆ ಯಾವುದು ದುಡ್ಡಿಗೆ ತಕ್ಕದ್ದು?

ಚಿತ್ರದುರ್ಗದ ಬಹಳಷ್ಟು ಮನೆಗಳಿಗೆ ಎರಡು ನೀರು. ಒಂದು ನಗರಸಭೆಯ ನಲ್ಲಿ ನೀರು. ಸೂಳೆಕೆರೆಯಿಂದಲೂ ಮಾರಿಕಣಿವೆಯಿಂದಲೂ, ಅಂದರೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದಿಂದ ಬರುವುದು. ಇನ್ನೊಂದು ಬೋರ್ ನೀರು. ನಲ್ಲಿ ದಿನಾ ಬರುವುದಿಲ್ಲ, ಹಾಗಾಗಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಗಡಸುತನ ಲೀಟರಿಗೆ 150 ಮಿಲಿಗ್ರಾಂ ಇರುವ ನಲ್ಲಿ ನೀರಿಗೆ 600 ಇರುವ ಬೋರ್ ನೀರನ್ನು ಅರ್ಧಕ್ಕರ್ಧ ಸೇರಿಸಿದರೆ ಬರುವುದು 375. ಬೇಳೆ ಬೇಯಲ್ಲ, ಟೀ ಮೇಲೆ ತೆಳ್ಳಗೆ ಕೆನೆಗಟ್ಟಿದ ಹಾಗೆ ಪದರ, ಸ್ಟೀಲ್ ನಲ್ಲಿಯ ಬಾಯಿಗೆ ಬಿಳಿ ಉಂಗುರ. ಬೈಗುಳ ಮಾತ್ರ ನಗರಸಭೆಗೆ.

ಗಡಸು ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕರಗಿದ ಲವಣಗಳೆಲ್ಲ ಸೇರಿದ ಟಿಡಿಎಸ್‌ಗೆ ಮಿತಿ ಬೇರೆ: 500 ಮತ್ತು 2000. ಈ ಎರಡು ಸಂಖ್ಯೆಗಳನ್ನು ಒಂದೇ ಎಂದುಕೊಂಡೇ ಜನ ತಪ್ಪು ಸಾಮಾನು ತರುವುದು.

ಮೊದಲು ಟಿಡಿಎಸ್ ಪೆನ್ನು. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ, ನೀರಿಗದ್ದಿದರೆ ಸಂಖ್ಯೆ ಬರುತ್ತದೆ. ಆದರೆ ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನಷ್ಟೇ. ಆ ಸಂಖ್ಯೆಯಲ್ಲಿ ಸುಣ್ಣದ ಪಾಲೆಷ್ಟು, ಅಡುಗೆ ಉಪ್ಪಿನ ಪಾಲೆಷ್ಟು ಅದಕ್ಕೆ ಗೊತ್ತಾಗಲ್ಲ. ಗಡಸು ತೆಗೆಯುವ ಸಾಫ್ಟ್‌ನರ್ ಯಂತ್ರ ಹಾಕಿಸಿ, ಪೆನ್ನು ಅದ್ದಿ, ಸಂಖ್ಯೆ ಇಳಿದಿಲ್ಲವೆಂದು ಅಂಗಡಿಯವರ ಮೇಲೆ ರೇಗುವವರಿದ್ದಾರೆ. ಇಳಿಯುವುದೂ ಇಲ್ಲ, ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದು ಕೂತಿರುತ್ತದೆ. ಆರ್‌ಒ ಯಂತ್ರದ ಮೆಂಬ್ರೇನ್, ಅಂದರೆ ಲವಣ ತಡೆಯುವ ಪೊರೆ, ಸವೆದಿದೆಯೇ ನೋಡಲು ಪೆನ್ನು ಸಾಕು, ಗಡಸುತನ ತಿಳಿಯಲು ದಂಡ.

ಅದಕ್ಕೆ ಬೇಕಿರುವುದು ಹನಿ ಎಣಿಸುವ ಇಡಿಟಿಎ ಕಿಟ್ಟು. ಇಡಿಟಿಎ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ರಾಸಾಯನಿಕ. ಇಡೀ ಪಟ್ಟಿಯಲ್ಲಿ ಕಣ್ಣುಮುಚ್ಚಿ ಕೊಳ್ಳಬಹುದಾದ್ದು ಇದೊಂದೇ. ಕೊಳವೆಯನ್ನು ಪರೀಕ್ಷಿಸುವ ನೀರಿನಿಂದಲೇ ಎರಡು ಸಲ ತೊಳೆದು, ಗೆರೆಯವರೆಗೆ ನೀರು ತುಂಬಿಸಿ. ಬಫರ್ ಎಂಬ ಕ್ಷಾರದ ದ್ರಾವಣ ಹಾಕಿ, ಬಣ್ಣ ತೋರಿಸುವ ಇಂಡಿಕೇಟರ್ ಹಾಕಿದರೆ ನೀರು ಬೀಟ್‌ರೂಟ್ ತೊಳೆದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಇಡಿಟಿಎ ಇರುವ ಮೂರನೇ ಬಾಟಲಿಯಿಂದ ಒಂದೊಂದೇ ಹನಿ, ಪ್ರತಿ ಹನಿಗೂ ಅಲುಗಾಡಿಸಿ. ಕೆಂಪು ನೇರಳೆಯಾಗುತ್ತದೆ, ನೇರಳೆ ಅಚ್ಚ ನೀಲಿಯಾಗುತ್ತದೆ. ಎಷ್ಟು ಹನಿಗೆ ನೀಲಿಯಾಯಿತೋ ಅದನ್ನು ಡಬ್ಬಿಯ ಮೇಲೆ ಬರೆದ ಅಂಕಿಯಿಂದ ಗುಣಿಸಿ. ಹನಿಗೆ 25 ಎಂದಿದ್ದು 14 ಹನಿ ಹಿಡಿದರೆ ಗಡಸುತನ 350.

ಹೆಚ್ಚಿನವರು ಎಡವುವುದು ನೇರಳೆಯಲ್ಲೇ ನಿಲ್ಲಿಸಿಬಿಡುವುದರಿಂದ. ಕೆಂಪಿನ ಛಾಯೆ ಪೂರ್ತಿ ಹೋಗಬೇಕು. ಕೊನೆಯ ಎರಡು ಮೂರು ಹನಿಗಳಲ್ಲಿ ಅವಸರ ಬೇಡ, ನಡುವೆ ನಾಲ್ಕೈದು ಸೆಕೆಂಡು ಬಿಡಿ. ಬಾಟಲಿ ಓರೆ ಹಿಡಿದರೆ ಹನಿಯ ಗಾತ್ರವೇ ಬದಲಾಗುತ್ತದೆ, ನೆಟ್ಟಗೆ ಹಿಡಿಯಿರಿ. ಬಫರ್‌ನಲ್ಲಿ ಅಮೋನಿಯ ಇರುತ್ತದೆ. ಮುಚ್ಚಳ ಬಿಗಿಯಾಗಿಲ್ಲದಿದ್ದರೆ ವಾಸನೆ ಹಾರಿಹೋಗಿ ಕೆಲವೇ ತಿಂಗಳಲ್ಲಿ ಬಣ್ಣ ಮಸುಕಾಗಿ ನಿಂತುಬಿಡುತ್ತದೆ. ಬೋರ್ ನೀರು ತೀರಾ ಗಡಸಾಗಿದ್ದು ಹನಿ ಎಣಿಸಿ ಸಾಕಾದರೆ ಅರ್ಧ ಬೋರ್ ನೀರು, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಂದ ಉತ್ತರವನ್ನು ಎರಡರಿಂದ ಗುಣಿಸಿ.

ನಲ್ಲಿ ನೀರನ್ನು ಸಂಪಿಗೆ ಬೀಳುವ ಮುಂಚೆಯೇ ಹಿಡಿದು ನೋಡಬೇಕು, ಬೋರ್ ನೀರನ್ನು ಬೇರೆಯಾಗಿ. ಅದೂ ವರ್ಷಕ್ಕೆ ಎರಡು ಸಲ: ಮಳೆಗಾಲ ಮುಗಿದ ಮೇಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ. 2022ರಲ್ಲಿ ಮಾರಿಕಣಿವೆ 89 ವರ್ಷಗಳ ನಂತರ ಕೋಡಿ ಬಿತ್ತು. ತುಂಬಿ ಹರಿಯುವ ಜಲಾಶಯದ ನೀರೂ ತಳ ಕಾಣುವ ಹೊತ್ತಿನ ನೀರೂ ಒಂದೇ ಅಲ್ಲ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ.

ಇನ್ನು ನಲ್ಲಿಯ ಬಾಯಿಗೆ ಸಿಕ್ಕಿಸುವ ಪುಟ್ಟ ಫಿಲ್ಟರು, ಷವರ್ ಫಿಲ್ಟರು. ಲೆಕ್ಕ ಹಾಕಿ ನೋಡಿ. ಗಡಸು ತೆಗೆಯುವ ರೆಸಿನ್ ಎಂಬ ಪುಟ್ಟ ಮಣಿಗಳು ಒಂದು ಲೀಟರಿಗೆ ಸುಮಾರು 50 ಗ್ರಾಂ ಗಡಸನ್ನು ಹಿಡಿದಿಡುತ್ತವೆ. ಈ ಫಿಲ್ಟರ್‌ನೊಳಗೆ 200 ಮಿಲಿಲೀಟರ್ ರೆಸಿನ್ ಇದ್ದರೆ ಹಿಡಿಯುವುದು 10 ಗ್ರಾಂ. ಗಡಸುತನ 500 ಇರುವ ನೀರಾದರೆ 20 ಲೀಟರ್, ಅಂದರೆ ಒಂದು ಬಕೆಟ್. ಎರಡನೇ ಬಕೆಟ್ಟಿಗೆ ಅದು ಬರೀ ಅಲಂಕಾರ. ಪೈಪಿಗೆ ಕಟ್ಟುವ ಅಯಸ್ಕಾಂತ, ಎಲೆಕ್ಟ್ರಾನಿಕ್ ಸುರುಳಿ ಇವುಗಳ ಹಿಂದೆ ಮುಂದೆ ನೀರು ಹಿಡಿದು ಹನಿ ಎಣಿಸಿ, ಎರಡೂ ಕಡೆ ಅಷ್ಟೇ ಹನಿ. ಪಟಿಕ ಉಜ್ಜಿದರೆ ರಾಡಿ ಕೆಳಗಿಳಿಯುತ್ತದೆ, ಗಡಸು ಇಳಿಯುವುದಿಲ್ಲ.

ಕೆಲಸ ಮಾಡುವುದು ಮನೆಗೆಲ್ಲ ಹಾಕುವ, 25 ಲೀಟರ್ ರೆಸಿನ್‌ನ ಸಾಫ್ಟ್‌ನರ್. ಮೇಲಿನ ಲೆಕ್ಕದಲ್ಲೇ 1,250 ಗ್ರಾಂ. ಗಡಸುತನ 500 ಇದ್ದರೆ ಒಂದು ಸುತ್ತಿಗೆ 2,500 ಲೀಟರ್. ತಲೆಗೆ 135 ಲೀಟರಿನಂತೆ ನಾಲ್ಕು ಜನಕ್ಕೆ ದಿನಕ್ಕೆ 540, ಹೆಚ್ಚುಕಡಿಮೆ ನಾಲ್ಕೂವರೆ ದಿನ. ಆಮೇಲೆ ಉಪ್ಪು ನೀರಲ್ಲಿ ರೆಸಿನ್ ತೊಳೆಯಬೇಕು. ಸಲಕ್ಕೆ ಮೂರೂವರೆ ಕೆ.ಜಿ. ಹಿಡಿದರೂ ತಿಂಗಳಿಗೆ 22-23 ಕೆ.ಜಿ. ಉಪ್ಪು. ಮಾರುವವರು ಇದನ್ನು ಹೇಳುವುದು ಕಡಿಮೆ. ಬಚ್ಚಲು, ಗೀಸರು, ವಾಷಿಂಗ್ ಮಷಿನ್‌ಗಷ್ಟೇ ಲೈನ್ ಕೊಟ್ಟು ಫ್ಲಷ್ಷು, ಗಿಡ, ಅಂಗಳಕ್ಕೆ ಬೇರೆ ಲೈನ್ ಬಿಟ್ಟರೆ ಉಪ್ಪಿನ ಖರ್ಚು ಚೆನ್ನಾಗಿ ಇಳಿಯುತ್ತದೆ.

ತೊಳೆಯುವ ಕ್ರಮ ಹೀಗೆ: ಮೊದಲು ಹತ್ತು ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ಕೆಸರು ಹೊರಹಾಕುವುದು. ನಂತರ ಮೂರೂವರೆ ಕೆ.ಜಿ. ಉಪ್ಪನ್ನು ಸುಮಾರು 35 ಲೀಟರ್ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಿಧಾನಕ್ಕೆ ಎಳೆಸುವುದು. ಅವಸರಪಟ್ಟರೆ ಉಪ್ಪು ರೆಸಿನ್ ಜತೆ ಬೆರೆಯದೆ ಹಾಗೇ ಮೋರಿಗೆ ಹೋಗುತ್ತದೆ. ಕೊನೆಗೆ ಬಾಯಿಗೆ ಉಪ್ಪು ಹತ್ತದಷ್ಟು ಹೊತ್ತು ಶುದ್ಧ ನೀರು. ಹರಳುಪ್ಪು ಸಾಕು, ಆದರೆ ಬಕೆಟ್ಟಿನಲ್ಲಿ ಕರಗಿಸಿ, ಮಣ್ಣು ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ. ಹೊರಬಂದ ಉಪ್ಪು ನೀರು ತೆಂಗಿನ ಬುಡಕ್ಕೆ ಬೇಡ. ಬೋರ್ ನೀರು ಹಿಡಿದಿಟ್ಟ ಸ್ವಲ್ಪ ಹೊತ್ತಿಗೆ ಕೆಂಪಾದರೆ ಅದರಲ್ಲಿ ಕಬ್ಬಿಣವಿದೆ. ನೀರು ಒಳಹೋಗುವ ಮುಂಚೆ ಐರನ್ ಫಿಲ್ಟರ್ ಇಲ್ಲದೆ ಸಾಫ್ಟ್‌ನರ್ ಹಾಕಿಸಿದರೆ ರೆಸಿನ್ ತುಕ್ಕು ಹಿಡಿದ ಹಾಗೆ ಕೆಟ್ಟು ಕೂರುತ್ತದೆ.

ಅಡುಗೆಮನೆಗೆ ಸಾಫ್ಟ್‌ನರ್ ಲೈನ್ ಕೊಡಬೇಡಿ. 500 ಗಡಸು ತೆಗೆದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಬಿಪಿ ಇರುವವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅಡುಗೆಗೆ ನಲ್ಲಿ ನೀರನ್ನೇ ಬೇರೆ ಸಿಂಟೆಕ್ಸ್‌ನಲ್ಲಿ ತುಂಬಿಟ್ಟುಕೊಂಡರೆ ಅರ್ಧ ಸಮಸ್ಯೆ ಖರ್ಚಿಲ್ಲದೆ ತೀರುತ್ತದೆ.

ಬೋರ್ ನೀರು ಕುಡಿಯಲೇಬೇಕಾದವರು ಗಡಸಿಗಿಂತ ಫ್ಲೋರೈಡಿಗೆ ಹೆದರಬೇಕು. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಅದು ಹಳೆಯ ತಾಪತ್ರಯ. ಮಿತಿ ಲೀಟರಿಗೆ 1, ಹೆಚ್ಚೆಂದರೆ 1.5 ಮಿಲಿಗ್ರಾಂ. ಬಣ್ಣವಿಲ್ಲ, ರುಚಿಯಿಲ್ಲ, ಪೆನ್ನಿಗೂ ಹನಿ ಕಿಟ್ಟಿಗೂ ಸಿಗುವುದಿಲ್ಲ, ಕಾಯಿಸಿದರೆ ಇನ್ನಷ್ಟು ಗಾಢವಾಗುತ್ತದೆ. ಮೆದು ನೀರು ಎಂದು ನಂಬುವ ಹಾಗೂ ಇಲ್ಲ: ಕ್ಯಾಲ್ಸಿಯಂ ಕಡಿಮೆ ಇರುವ ಬೋರ್‌ನಲ್ಲೇ ಫ್ಲೋರೈಡ್ ಹೆಚ್ಚು ಕರಗಿರುವ ಸಾಧ್ಯತೆ ಇದೆ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಲೀಟರ್ ಕೊಟ್ಟು ಫ್ಲೋರೈಡ್, ನೈಟ್ರೇಟ್ ಎರಡನ್ನೂ ಬರೆಸಿಕೊಳ್ಳಿ.

ಫ್ಲೋರೈಡ್ ಮಿತಿ ಮೀರಿದ್ದರೆ ಆರ್‌ಒ ಹಾಕಿಸುವುದು ಒಂದು ದಾರಿ. ಹಾಕಿಸುವಾಗ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪನ್ನು ಪೂರ್ತಿ ಮುಚ್ಚಿಸಿ. ರುಚಿ ಬರಲಿ ಎಂದು ಅದನ್ನು ತೆರೆಯುತ್ತಾರೆ. ಅದರ ಮೂಲಕ ಲೋಟಕ್ಕೆ ಸೇರುವುದು ಮೆಂಬ್ರೇನ್ ದಾಟದ ಅದೇ ಬೋರ್ ನೀರು.