ಕೂಪನ್ ಕೋಡ್ ತಾನಾಗೇ ಹೋಗುತ್ತೆ ಅಂತ ಯಾರಾದರೂ ಹೇಳಿದರೆ, ಹಣ ಕೊಡುವ ಮೊದಲು ಇದನ್ನು ಓದಿ

ಆನ್‌ಲೈನಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೀಪಾವಳಿ ಹತ್ತಿರ ಬಂತು. "ನಿಮ್ಮ ಪ್ರತಿ ಗಿರಾಕಿಗೂ ಬೇರೆ ಬೇರೆ ಕೂಪನ್ ಕೋಡ್ ತಾನಾಗೇ ಹೋಗೋ ಹಾಗೆ ಮಾಡಿಕೊಡ್ತೀವಿ ಸರ್" ಅಂತ ಫೋನ್ ಮಾಡುವವರು ಈಗ ಜಾಸ್ತಿ. ಹೂಂ ಅನ್ನುವ ಮೊದಲು ನಮಗಾದದ್ದನ್ನು ತಿಳಿದುಕೊಳ್ಳಿ.

ಶಿರಸಿ ಕಡೆ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ ಮಾರುತ್ತಾರೆ. ಸ್ವಂತ ವೆಬ್‌ಸೈಟ್ ಇದೆ. ಫೋನು, ಪಾರ್ಸೆಲ್ಲು, ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಚೌತಿ ಹಬ್ಬಕ್ಕೆ ಆರ್ಡರ್ ಮಾಡಿದವರಿಗೆಲ್ಲ ಮುಂದಿನ ಸಲಕ್ಕೆ 150 ರೂಪಾಯಿ ಕಡಿತದ ಕೋಡ್ ಕೊಡಬೇಕು ಅಂತ ಅತ್ತಿಗೆಗೆ ಆಸೆ. ಒಬ್ಬರಿಗೆ ಒಂದು ಕೋಡ್, ಅದೂ ಒಂದೇ ಸಲ ಬಳಸುವಂಥದ್ದು. ಒಂದು ಏಜೆನ್ಸಿಯವರು ಇದನ್ನು ಮಾಡಿಕೊಡಲು ಒಪ್ಪಿದರು, ಮುಂಗಡ ತಗೊಂಡರು.

ಅವರು ಕಟ್ಟಿದ್ದು ಹೀಗೆ. ಗೂಗಲ್ ಶೀಟಲ್ಲಿ ಕೋಡುಗಳ ಪಟ್ಟಿ. ಗಿರಾಕಿಯ ಹಣ ಬಂದ ಕೂಡಲೇ ಪೇಮೆಂಟ್ ಗೇಟ್‌ವೇಯಿಂದ (ಆನ್‌ಲೈನಲ್ಲಿ ಹಣ ಪಡೆದುಕೊಡುವ ಸೇವೆಯಿಂದ) ಒಂದು ವೆಬ್‌ಹುಕ್, ಅಂದರೆ 'ಹಣ ಬಂತು' ಅನ್ನುವ ಸಂದೇಶ, ತಾನಾಗೇ ಬರುತ್ತೆ. ಆಗ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಓಡುತ್ತೆ. ಇನ್ನೂ ಯಾರಿಗೂ ಹೋಗದ ಮೊದಲ ಸಾಲನ್ನು ಹುಡುಕುತ್ತೆ, ಆ ಕೋಡನ್ನು ಈಮೇಲ್ ಮಾಡುತ್ತೆ, ಆಮೇಲೆ ಸಾಲಿನ ಮುಂದೆ 'ಕಳಿಸಿದೆ' ಅಂತ ಗುರುತು ಹಾಕುತ್ತೆ. ಡೆಮೋದಲ್ಲಿ ಚೆನ್ನಾಗೇ ನಡೆಯಿತು. ಡೆಮೋದಲ್ಲಿ ಒಂದು ಸಲಕ್ಕೆ ಬರುವುದು ಒಂದೇ ಆರ್ಡರ್ ಅಲ್ವಾ?

ಹಬ್ಬದ ವಾರ ಸಂಜೆ ವಾಟ್ಸಾಪಲ್ಲಿ ಎಲ್ಲರಿಗೂ ಸುದ್ದಿ ಕಳಿಸಿದೆವು. ಆರ್ಡರುಗಳು ಒಂದರ ಹಿಂದೆ ಒಂದು ಬರತೊಡಗಿದವು. ಸ್ಕ್ರಿಪ್ಟ್ ಒಂದು ಆರ್ಡರಿನ ಈಮೇಲ್ ಕಳಿಸುತ್ತಿರುವಾಗಲೇ ಇನ್ನೊಂದು ಆರ್ಡರಿಗೂ ಓಡುತ್ತಿತ್ತು. ಮೊದಲನೆಯದು ಇನ್ನೂ ಗುರುತು ಹಾಕಿರಲಿಲ್ಲ. ಹಾಗಾಗಿ ಎರಡನೆಯದಕ್ಕೂ ಅದೇ ಸಾಲು ಖಾಲಿ ಕಂಡಿತು. ಬಸ್ಸಿನ ಒಂದೇ ಸೀಟಿಗೆ ಇಬ್ಬರಿಗೆ ಟಿಕೆಟ್ ಹರಿದ ಹಾಗೆ, ಒಂದೇ ಕೋಡ್ ಇಬ್ಬರಿಗೆ ಹೋಯಿತು. ಇಂಥ ಎಷ್ಟೋ ಜೋಡಿ ಆದವು.

ಇನ್ನು ಕೆಲವರಿಗೆ ಇದರ ಉಲ್ಟಾ. ಒಂದು ಆರ್ಡರಿಗೆ ಮೂರು ನಾಲ್ಕು ಕೋಡ್. ವೆಬ್‌ಹುಕ್ ಕಳಿಸುವವರು ಕೆಲವೇ ಸೆಕೆಂಡ್ ಕಾಯುತ್ತಾರೆ. 'ಸಿಕ್ಕಿತು' ಅನ್ನುವ ಉತ್ತರ ಅಷ್ಟರಲ್ಲಿ ಬರದಿದ್ದರೆ ತಲುಪಿಲ್ಲ ಅಂದುಕೊಂಡು ಮತ್ತೆ ಕಳಿಸುತ್ತಾರೆ. ಅದು ಅವರ ತಪ್ಪಲ್ಲ, ಎಲ್ಲ ಕಡೆ ಇರುವ ಪದ್ಧತಿಯೇ ಅದು. ನಮ್ಮ ಸ್ಕ್ರಿಪ್ಟ್ ಈಮೇಲ್ ಹೋದ ಮೇಲಷ್ಟೇ ಉತ್ತರ ಕೊಡುತ್ತಿತ್ತು. ಈ ಆರ್ಡರಿಗೆ ಆಗಲೇ ಕೊಟ್ಟಾಗಿದೆಯಾ ಅಂತ ನೋಡುತ್ತಲೂ ಇರಲಿಲ್ಲ. ಸಾಲದ್ದಕ್ಕೆ ಅವರು ಮಾಮೂಲಿ ಜಿಮೇಲ್ ಖಾತೆಯಿಂದ ಓಡಿಸುತ್ತಿದ್ದರು. ಅಂಥ ಖಾತೆಯ ಸ್ಕ್ರಿಪ್ಟಿನಿಂದ ದಿನಕ್ಕೆ 100 ಜನಕ್ಕೆ ಮಾತ್ರ ಈಮೇಲ್ ಹೋಗುತ್ತೆ. ಅದು ಮುಗಿದ ಮೇಲೆ ಬಂದ ಗಿರಾಕಿಗಳಿಗೆ ಏನೂ ಹೋಗಲಿಲ್ಲ.

ನನಗೆ ತುಂಬಾ ನೋವಾದದ್ದು ದಾವಣಗೆರೆಯ ಒಬ್ಬ ಅಮ್ಮನ ಫೋನಿನಿಂದ. ಅತ್ತಿಗೆ ಮನೆ ಜಗಲಿಯಲ್ಲಿ ಕೂತು ಮಾರುತ್ತಿದ್ದ ಕಾಲದಿಂದಲೂ ಅವರು ನಮ್ಮ ಗಿರಾಕಿ. ಕೋಡ್ ಹಾಕಿದರೆ 'ಈ ಕೂಪನ್ ಈಗಾಗಲೇ ಬಳಕೆಯಾಗಿದೆ' ಅಂತ ಕೆಂಪು ಅಕ್ಷರದಲ್ಲಿ ಬರುತ್ತಿತ್ತಂತೆ. "ನಾ ಬಳಸಿಲ್ಲಪ್ಪಾ ತಮ್ಮಾ. ಮಗನ ಕೈಲೂ ನೋಡಿಸ್ದೆ. ನೂರೈವತ್ತು ರೂಪಾಯಿಗೆ ನಾ ಸುಳ್ಳು ಹೇಳ್ತೀನೇನು?" ಅಂದರು. ಅವರು ದುಡ್ಡು ಕೇಳಲು ಫೋನ್ ಮಾಡಿರಲಿಲ್ಲ. ತಾನು ಮೋಸ ಮಾಡಿದವಳ ಹಾಗೆ ಕಂಡೆ ಅನ್ನುವ ಸಂಕಟ ಅವರಿಗೆ. ಅದನ್ನು ಕೇಳಿ ಅತ್ತಿಗೆಗೆ ಆ ರಾತ್ರಿ ಊಟ ಸೇರಲಿಲ್ಲ.

ಏಜೆನ್ಸಿಯವರಿಗೆ ಹೇಳಿದ್ದಕ್ಕೆ "ಸರಿ ಮಾಡಿದ್ದೀವಿ" ಅಂದರು. ಅವರು ಮಾಡಿದ್ದನ್ನು ಗಮನವಿಟ್ಟು ಓದಿ, ಇದು ನಿಮಗೂ ಆಗಬಹುದು. ಕೂಪನ್ ಸೆಟ್ಟಿಂಗಲ್ಲಿ ಸಾಮಾನ್ಯವಾಗಿ ಎರಡು ಮಿತಿ ಇರುತ್ತವೆ. ಒಂದು, ಈ ಕೋಡ್ ಒಟ್ಟು ಎಷ್ಟು ಸಲ ನಡೆಯಬೇಕು ಅನ್ನುವುದು. ಇನ್ನೊಂದು, ಒಬ್ಬ ಗಿರಾಕಿ ಎಷ್ಟು ಸಲ ಬಳಸಬಹುದು ಅನ್ನುವುದು. ಅವರು ಒಟ್ಟು ಮಿತಿಯನ್ನೇ ತೆಗೆದುಹಾಕಿ, ಗಿರಾಕಿಗೆ ಒಂದು ಸಲ ಅನ್ನುವುದನ್ನಷ್ಟೇ ಉಳಿಸಿದರು. ದೂರುಗಳೇನೋ ನಿಂತವು. ಆದರೆ ಈಗ ಪ್ರತಿಯೊಂದು ಕೋಡೂ ಎಲ್ಲರ ಕೋಡಾಯಿತು. ಯಾರೋ ಒಬ್ಬರು ಟೆಲಿಗ್ರಾಮಿನ ಆಫರ್ ಗುಂಪೊಂದರಲ್ಲಿ ಹಾಕಿಬಿಟ್ಟರು. ಬೇರೆ ಬೇರೆ ಈಮೇಲ್ ಕೊಟ್ಟರೆ ಸೈಟಿಗೆ ಪ್ರತಿಯೊಬ್ಬರೂ ಹೊಸ ಗಿರಾಕಿಯೇ. ಕೋಡುಗಳೋ, ಚೌತಿ001, ಚೌತಿ002 ಅನ್ನುವ ಥರ ಸಾಲಾಗಿದ್ದವು. ಒಂದು ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾದ ಹಾಗೆ. ಕನಿಷ್ಠ ಖರೀದಿಯ ಮೊತ್ತವನ್ನೂ ಇಟ್ಟಿರಲಿಲ್ಲ. 180 ರೂಪಾಯಿಯ ಹಪ್ಪಳದ ಕಟ್ಟು 30 ರೂಪಾಯಿಗೆ ಹೋಯಿತು, ಪಾರ್ಸೆಲ್ ಖರ್ಚು ನಮ್ಮದೇ. ಹಪ್ಪಳ ಒಣಗಿಸಿ ಕಟ್ಟಿದ ಹೆಂಗಸರಿಗೆ ಕೂಲಿ ಕೊಡಬೇಕಲ್ವಾ? ಅದು ಅತ್ತಿಗೆಯ ಉಳಿತಾಯದಿಂದ ಹೋಯಿತು.

ಕೊನೆಗೆ ಗೊತ್ತಾದದ್ದು ಇನ್ನೂ ಕೆಟ್ಟದ್ದು. ಆ ಶೀಟ್ ಇದ್ದದ್ದು ಏಜೆನ್ಸಿಯವರ ಖಾತೆಯಲ್ಲಿ, 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಅನ್ನುವ ಹಾಗೆ. ಕೋಡುಗಳ ಪಕ್ಕದಲ್ಲೇ ಗಿರಾಕಿಗಳ ಹೆಸರು, ಫೋನ್ ನಂಬರ್, ಮನೆ ವಿಳಾಸ. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನೇ ಆಗಿದೆ. ಆ ಕಾನೂನಿನ ಪ್ರಕಾರ, ಮಾಹಿತಿಯನ್ನು ಬೇರೆಯವರ ಕೈಗೆ ಕೊಟ್ಟು ಕೆಲಸ ಮಾಡಿಸಿದರೂ ಹೊಣೆ ಅಂಗಡಿಯವರದ್ದೇ. ಕಾನೂನು ಬಿಡಿ, ನಂಬಿ ವಿಳಾಸ ಕೊಟ್ಟವರಿಗೆ ಹೀಗೆ ಮಾಡಬಾರದು. ಅಳಿಸಿ ಅಂತ ಬರೆದೆವು. ಬಾಕಿ ಹಣ ಕೊಟ್ಟರೆ ಅಳಿಸುತ್ತೇವೆ ಅಂದರು!

ಆಮೇಲೆ ಪರಿಚಯದ ಒಬ್ಬ ಪ್ರೋಗ್ರಾಮರ್ ಇದನ್ನೆಲ್ಲ ಬಿಚ್ಚಿ ತೋರಿಸಿದರು. ಮಾಡುವ ಸರಿಯಾದ ದಾರಿ ದೊಡ್ಡ ವಿದ್ಯೆಯೇನಲ್ಲ. ಕೋಡಿನ ಮುಂದೆ ಮೊದಲು ಆರ್ಡರ್ ನಂಬರ್ ಬರೆಯಬೇಕು, ಆಮೇಲೆ ಕಳಿಸಬೇಕು. ಹಾಗೆ ಬರೆಯುವಾಗ ಅದೇ ಸ್ಕ್ರಿಪ್ಟ್ ಇನ್ನೊಂದು ಆರ್ಡರಿಗಾಗಿ ಒಳಗೆ ಬರದ ಹಾಗೆ ಬೀಗ ಇರಬೇಕು. ಗೂಗಲ್ ಸ್ಕ್ರಿಪ್ಟಿನಲ್ಲೇ ಲಾಕ್ ಸರ್ವಿಸ್ ಅಂತ ಇದಕ್ಕೆಂದೇ ಇದೆ, ಅವರು ಬಳಸಿರಲಿಲ್ಲ ಅಷ್ಟೇ. ಅದೇ ಆರ್ಡರ್ ನಂಬರ್ ಮತ್ತೆ ಬಂದರೆ ಹಳೆಯ ಕೋಡೇ ಹೋಗಬೇಕು, ಹೊಸದಲ್ಲ.

ಕೋಡುಗಳನ್ನು ಸಾಲಾಗಿ ಬರೆಯದೆ, ಸಿಕ್ಕಾಪಟ್ಟೆ ಕಲಸಿದ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಮಾಡಿಸಿ. ಸೊನ್ನೆ ಮತ್ತು ಓ, ಒಂದು ಮತ್ತು ಐ, ಎಲ್ ಬಿಟ್ಟುಬಿಡಿ, ಓದುವವರಿಗೆ ಗೊಂದಲ. ಉಳಿದ 31 ಅಕ್ಷರ ಅಂಕಿಗಳಲ್ಲಿ ಎಂಟರ ಕೋಡ್ ಮಾಡಿದರೂ 85 ಸಾವಿರ ಕೋಟಿಗೂ ಜಾಸ್ತಿ ಜೋಡಣೆ ಸಿಗುತ್ತವೆ, ಊಹಿಸಲು ಆಗುವುದಿಲ್ಲ. ಶೀಟಲ್ಲಿ ಆ ಕಾಲಂ 'ಪ್ಲೇನ್ ಟೆಕ್ಸ್ಟ್' ಇರಲಿ. ಇಲ್ಲದಿದ್ದರೆ 47, ಇಂಗ್ಲಿಷಿನ ಇ, 12 ಅಂತಿರುವ ಕೋಡನ್ನು ಅದು ದೊಡ್ಡ ಸಂಖ್ಯೆ ಅಂದುಕೊಂಡು ಬದಲಿಸಿಬಿಡುತ್ತೆ. ಎಸ್ಸೆಮ್ಮೆಸ್ಸಲ್ಲೂ ಕಳಿಸುತ್ತೇವೆ ಅಂದರೆ ಡಿಎಲ್‌ಟಿ ನೋಂದಣಿ (ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಲು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸಬೇಕಾದ ನೋಂದಣಿ) ಯಾರ ಹೆಸರಲ್ಲಿ ಅಂತ ಕೇಳಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಹೆಡರ್ (ಕಳಿಸುವವರ ಗುರುತಿನ ಹೆಸರು), ಟೆಂಪ್ಲೇಟ್ (ಸಂದೇಶದ ಮಾದರಿ) ನೋಂದಾಯಿಸದ ಸಂದೇಶ ಗಿರಾಕಿಗೆ ತಲುಪುವುದೇ ಇಲ್ಲ.

ಒಂದು ಪರೀಕ್ಷೆಯನ್ನಂತೂ ಬಿಡಬೇಡಿ. ಅವರನ್ನು ಎದುರಿಗೆ ಕೂರಿಸಿಕೊಂಡು, ಮನೆಯಲ್ಲಿರುವ ಎಲ್ಲ ಫೋನುಗಳಿಂದ ಒಟ್ಟಿಗೇ ಹತ್ತು ರೂಪಾಯಿಯ ಆರ್ಡರ್ ಹಾಕಿಸಿ. ಎರಡು ಫೋನಿಗೆ ಒಂದೇ ಕೋಡ್ ಬಂದರೆ ಬಾಕಿ ಹಣ ಕೊಡಬೇಡಿ. ಶೀಟ್, ಖಾತೆ, ಪಾಸ್‌ವರ್ಡ್ ಮೊದಲ ದಿನದಿಂದ ನಿಮ್ಮ ಹೆಸರಲ್ಲೇ ಇರಲಿ.

ಈಗಾಗಲೇ ಯಾರ ಕೈಲಾದರೂ ಮಾಡಿಸಿಕೊಂಡಿದ್ದರೆ, ಇವತ್ತೇ ಸೈಟಿನ ಕೂಪನ್ ಸೆಟ್ಟಿಂಗ್ ತೆರೆದು ನೋಡಿ. ಒಟ್ಟು ಬಳಕೆಯ ಮಿತಿ ಖಾಲಿ ಇದ್ದರೆ ಅಲ್ಲಿ 1 ಅಂತ ಹಾಕಿ, ಕನಿಷ್ಠ ಖರೀದಿಯ ಮೊತ್ತ ತುಂಬಿಸಿ, ಸೇವ್ ಮಾಡಿ.