ಮಂಡ್ಯ–ಬೆಂಗಳೂರು: ತಿಂಗಳ ಪಾಸೋ, ದಿನದ ಟಿಕೆಟ್ಟೋ?

ದಿನ ಬಿಟ್ಟು ದಿನ ಮಂಡ್ಯದಿಂದ ಬೆಂಗಳೂರಿನ ಕಚೇರಿಗೆ ಓಡಾಡುವ ನನ್ನಂಥವರಿಗೆ ರೈಲಿನ ತಿಂಗಳ ಪಾಸೇ ಸರಿ. ಎರಡನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಎರಡನೇ ದರ್ಜೆಯ ತಿಂಗಳ ಪಾಸಿನ ಬೆಲೆ ಹೆಚ್ಚುಕಡಿಮೆ 15 ಒಂಟಿ ಪ್ರಯಾಣಗಳ ದರದಷ್ಟು. ಎಂಟು ದಿನ ಹೋಗಿಬಂದರೆ ಅಸಲು ಹುಟ್ಟಿತು, ಆಮೇಲಿನದೆಲ್ಲ ಲಾಭ. ಮೂರು ತಿಂಗಳ ಪಾಸಿಗೆ ಇದರ 2.7 ಪಟ್ಟು ಕೊಟ್ಟರೆ ಸಾಕು. ಆದರೂ ನಾನು ಅದರ ಗೋಜಿಗೆ ಹೋಗುವುದಿಲ್ಲ. ಮನೆಯಿಂದಲೇ ಕೆಲಸ ಮಾಡಿ ಎಂದು ನಮ್ಮ ಕಚೇರಿಯವರು ಯಾವಾಗ ಹೇಳುತ್ತಾರೋ, ಬಳಸದ ದಿನಗಳ ಹಣವಂತೂ ವಾಪಸು ಬರುವುದಿಲ್ಲ.

ದಿನದ ಟಿಕೆಟ್ಟು ಎಂದರೆ ಬೆಳಗ್ಗೆ ಕೌಂಟರಿನ ಸಾಲು, ಇಲ್ಲವೇ ಮೊಬೈಲ್ ಆ್ಯಪ್. ಆ್ಯಪ್‌ನಲ್ಲಿ ನಿಲ್ದಾಣದ ಹೊರಗೇ ತೆಗೆದುಕೊಳ್ಳಬೇಕು. ಪ್ಲಾಟ್‌ಫಾರ್ಮಿಗೆ ಬಂದಮೇಲೆ ನೆನಪಾದರೆ ಮತ್ತೆ ಹೊರಗೆ ಓಡಬೇಕು, ಇಲ್ಲವೇ ಕ್ಯೂಆರ್ ಕೋಡ್ ಅಂಟಿಸಿರುವ ಗೋಡೆ ಹುಡುಕಬೇಕು.

ಪಾಸಿನ ತಕರಾರು ಒಂದೇ, ಆದರೆ ದಿನವೂ ಕಾಡುವಂಥದ್ದು: ಕಾಯ್ದಿರಿಸಿದ ಬೋಗಿಯಲ್ಲಿ ಅದು ನಡೆಯುವುದಿಲ್ಲ. ನಮ್ಮ ಬೆಳಗಿನ ಎಕ್ಸ್‌ಪ್ರೆಸ್‌ನಲ್ಲಿ ಜನರಲ್ ಬೋಗಿಗಳು ರೈಲಿನ ಎರಡು ತುದಿಗಳಲ್ಲಿ, ಮಧ್ಯದಲ್ಲಿ ಡಿ-1, ಡಿ-2 ಎಂಬ ಕಾಯ್ದಿರಿಸಿದ ಬೋಗಿಗಳು. ಬಣ್ಣ ಒಂದೇ, ಸೀಟೂ ಸುಮಾರಾಗಿ ಒಂದೇ, ಬಾಗಿಲ ಪಕ್ಕದ ಪುಟ್ಟ ಫಲಕ ಮಾತ್ರ ಬೇರೆ. ಮೇಲುಸೇತುವೆ ಇಳಿದವರ ಎದುರಿಗೆ ನಿಲ್ಲುವುದು ಮಧ್ಯದ ಬೋಗಿ. ರೈಲು ನಿಲ್ಲುವುದು ಎರಡೇ ನಿಮಿಷ.

ಮದ್ದೂರು ದಾಟುತ್ತಲೇ ಟಿಕೆಟ್ ಪರೀಕ್ಷಕರು ಬರುತ್ತಾರೆ. ಪಾಸು ಇದ್ದರೂ ಆ ಬೋಗಿಯಲ್ಲಿ ಕುಳಿತವರು ಟಿಕೆಟ್ ಇಲ್ಲದವರೇ. ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ ತೆರಬೇಕು. ಪಕ್ಕದ ಸೀಟು ಖಾಲಿಯಿತ್ತು, ಬಾಗಿಲಲ್ಲೇ ನಿಂತಿದ್ದೆ ಎಂಬ ವಾದಗಳೆಲ್ಲ ನಡೆಯುವುದಿಲ್ಲ. ಸೂಪರ್‌ಫಾಸ್ಟ್ ರೈಲಿಗೆ ಪ್ರತ್ಯೇಕ ಶುಲ್ಕ ಬೇರೆ. ವಂದೇ ಭಾರತ್ ಮಾತೇ ಬೇಡ. ಹೀಗಾಗಿ ನಾನು ಸಾಧ್ಯವಾದಷ್ಟೂ ಕಾಯ್ದಿರಿಸಿದ ಬೋಗಿಯೇ ಇಲ್ಲದ ಮೆಮು ರೈಲನ್ನೇ ಹಿಡಿಯುತ್ತೇನೆ. ಅರ್ಧ ಗಂಟೆ ಹೆಚ್ಚಾದರೂ ಯಾವ ಬಾಗಿಲಿನಿಂದ ಹತ್ತಿದರೂ ನಡೆಯುತ್ತದೆ.

ಬಸ್ಸು? ದಶಪಥ ಹೆದ್ದಾರಿಯಲ್ಲಿ ಗಳಿಸಿದ ಸಮಯವನ್ನು ಕೆಂಗೇರಿಯಿಂದಾಚೆ ಕಳೆದುಕೊಳ್ಳುತ್ತೇವೆ. ಆದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಮಹಿಳೆಯರಿಗೆ ಉಚಿತ. ನನ್ನ ಹೆಂಡತಿಯ ಮುಂದೆ ಪಾಸಿನ ಲೆಕ್ಕ ತೆಗೆದರೆ ಅವಳು ಆಧಾರ್ ಕಾರ್ಡ್ ತೋರಿಸುತ್ತಾಳೆ. ಅಲ್ಲಿಗೆ ಚರ್ಚೆ ಮುಗಿಯಿತು.

ವಾರಕ್ಕೊಮ್ಮೆ ಹೋಗುವ ನನ್ನ ಭಾವನಿಗೆ ಪಾಸು ದಂಡ, ದಿನದ ಟಿಕೆಟ್ಟೇ ಸಾಕು. ಅದಕ್ಕಿಂತ ಹೆಚ್ಚು ಓಡಾಡುವವರು ಪಾಸು ಕೊಳ್ಳಲಿ. ಆ್ಯಪ್‌ನಲ್ಲಿ ಕೊಂಡ ಪಾಸು ಮರುದಿನದಿಂದ ಮಾತ್ರ ಜಾರಿಗೆ ಬರುತ್ತದೆ. ಸೋಮವಾರ ಹೊರಡುವವರು ಭಾನುವಾರವೇ ಆ ಕೆಲಸ ಮುಗಿಸಿಕೊಳ್ಳಬೇಕು.