ಹಳೆಯ ಪಿಕಪ್‌ಗೆ ಬೇರೆ ಎಂಜಿನ್ ಹಾಕಿಸುವವರೇ, ಮೊದಲು ಇದನ್ನು ಓದಿ

ನಮ್ಮ ಟಾಟಾಮೊಬೈಲ್ 206 ನಾಲ್ಕು ತಿಂಗಳಿಂದ ಸಂತೇಬೆನ್ನೂರಿನ ಮನೆಯ ಹಿಂದೆ, ಹೊಂಗೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿದೆ. ಅಪ್ಪ 1991ರಲ್ಲಿ ಕೊಂಡ ಗಾಡಿ ಅದು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ನಮ್ಮ ಅಡಿಕೆ, ಮೆಕ್ಕೆಜೋಳ, ಅಕ್ಕನ ಮದುವೆಯ ಪಾತ್ರೆಪಗಡೆ ಎಲ್ಲವನ್ನೂ ಹೊತ್ತದ್ದು ಅದೇ. ಆ ಗಾಡಿಗೆ ನಾನು ಮಾಡಿಸಿದ್ದು ಇನ್ನೊಬ್ಬರ ಗಾಡಿಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಅದರಲ್ಲಿದ್ದದ್ದು 1948 ಸಿಸಿಯ, ಟರ್ಬೊ (ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ ಡೀಸೆಲ್ ಎಂಜಿನ್. ಹೊಸದಿದ್ದಾಗಲೇ ಅದರ ಶಕ್ತಿ ಅಷ್ಟಕ್ಕಷ್ಟೇ. ಸವೆದು ಹೊಗೆ ಉಗುಳುತ್ತಿತ್ತು, ಲೋಡು ಹಾಕಿದರೆ ಏರಿನಲ್ಲಿ ಎರಡನೇ ಗೇರಿಗೆ ಇಳಿಯುತ್ತಿತ್ತು. ಸವೆದ ಸಿಲಿಂಡರುಗಳನ್ನು ಕೊರೆದು ಸಮ ಮಾಡಿಸಿ (ಬೋರ್ ಮಾಡಿಸಿ), ಪಿಸ್ಟನ್ ಬದಲಿಸಿ, ಡೀಸೆಲ್ ಪಂಪ್ ಸರಿಪಡಿಸಲು 70,000 ರೂಪಾಯಿ ಎಂದರು. ಅಷ್ಟು ಸುರಿದರೂ ಅದೇ ಹಳೆಯ ಶಕ್ತಿ ತಾನೇ ಎಂದು ನನಗೆ ಮನಸ್ಸಾಗಲಿಲ್ಲ. ಅದೇ ಹೊತ್ತಿಗೆ ಹೊರ ಊರಿನ ಗುಜರಿಯವನೊಬ್ಬ ಸಿಕ್ಕ. ಜಪಾನಿನಿಂದ ಬಂದ ಟೊಯೊಟಾ 2ಎಲ್-ಟಿ ಟರ್ಬೊ ಎಂಜಿನ್, 85,000 ರೂಪಾಯಿ, ಹಳೆಯ ಎಂಜಿನ್ ಕೊಟ್ಟರೆ 15,000 ಬಿಡುತ್ತೇನೆ ಎಂದ. ಲೆಕ್ಕ ಸಮವಾಯಿತು. ಅಪ್ಪ ಬೇಡವೆಂದರು. ನಾನು ಕೇಳಲಿಲ್ಲ.

ಎಂಜಿನ್ನನ್ನು ಎರಡು ಟೈರುಗಳ ಮೇಲೆ ಕೂರಿಸಿ, ಕ್ಯಾನಿನಿಂದ ಡೀಸೆಲ್ ಕೊಟ್ಟು ಚಾಲೂ ಮಾಡಿ ತೋರಿಸಿದರು. ಒಂದೇ ಏಟಿಗೆ ಹತ್ತಿಕೊಂಡಿತು. ನಾನು ಹೋಗುವಷ್ಟರಲ್ಲೇ ಅದು ಬಿಸಿಯಾಗಿತ್ತು ಎಂಬುದು ಕೈಯಿಟ್ಟಾಗ ಗೊತ್ತಾಗಿತ್ತು, ಆದರೆ ಅದರ ಅರ್ಥ ಹೊಳೆಯಲಿಲ್ಲ. ಸವೆದ ಡೀಸೆಲ್ ಎಂಜಿನ್ ತನ್ನ ರೋಗ ತೋರಿಸುವುದು ತಣ್ಣಗಿರುವಾಗ. ಒಳಗೆ ದಪ್ಪ ಆಯಿಲ್ ತುಂಬಿ, ಮೊದಲೇ ಬಿಸಿ ಮಾಡಿಟ್ಟರೆ ಐದು ನಿಮಿಷ ಎಂಥದ್ದೂ ಚೆನ್ನಾಗಿಯೇ ಓಡುತ್ತದೆ. ಬ್ಲಾಕಿನ ಮೇಲೆ ನಂಬರು ಇರಬೇಕಾದ ಜಾಗದಲ್ಲಿ ಬೆಳ್ಳಿ ಬಣ್ಣ ಬಳಿದಿತ್ತು. ಮುಟ್ಟಿದಾಗ ಬೆರಳಿಗೆ ಅಂಟಿತು. ತುಕ್ಕು ಹಿಡಿಯದಿರಲಿ ಎಂದು ಬಳಿದದ್ದು ಎಂದ, ಒಪ್ಪಿಕೊಂಡೆ. ಬಿಲ್ಲು ಕೇಳಿದರೆ ಸಂಜೆ ಕಳಿಸುತ್ತೇನೆ ಎಂದ. ಆ ಸಂಜೆ ಇನ್ನೂ ಬಂದಿಲ್ಲ.

ಮುಂದೆ ಖರ್ಚಿನ ಬಾಯಿ ತೆರೆಯಿತು. ಟೊಯೊಟಾ ಎಂಜಿನ್ನು ಟಾಟಾ ಗೇರ್‌ಬಾಕ್ಸಿಗೆ ಕೂರುವುದಿಲ್ಲ, ನಡುವೆ ಒಂದು ಉಕ್ಕಿನ ಪ್ಲೇಟ್ ಬೇಕು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಇಟ್ಟುಕೊಂಡ ಹಿರಿಯರೊಬ್ಬರ ಬಳಿ ಹೋದೆ. "ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ತನ್ನಿ. ಅಳೆಯುವ ಡಯಲ್ ಹಾಕಿ ಎರಡರ ನಡುಬಿಂದುವನ್ನು ಹಿಡಿಯದಿದ್ದರೆ ಕ್ಲಚ್ಚೂ ಉಳಿಯದು, ಬೇರಿಂಗೂ ಉಳಿಯದು" ಎಂದು ಅವರು ಬಿಡಿಸಿ ಹೇಳಿದರು. ಹಾಗೆ ಹೇಳಿದವರು ಅವರೊಬ್ಬರೇ. ನಮ್ಮ ಮೆಕ್ಯಾನಿಕ್ ಅಷ್ಟೆಲ್ಲ ಬೇಡವೆಂದು ರಟ್ಟಿನ ಮೇಲೆ ತೂತುಗಳ ಗುರುತು ತೆಗೆದು, ಬೇರೆ ಕಡೆ ಪ್ಲೇಟ್ ಕೊರೆಸಿದ. ಎಂಜಿನ್ನಿನ ಕ್ರ್ಯಾಂಕೂ ಗೇರ್‌ಬಾಕ್ಸಿನ ಶಾಫ್ಟೂ ಕೂದಲೆಳೆಯಷ್ಟು ಆಚೀಚೆಯಾದರೂ ತಿರುಗುವಾಗ ಒಂದನ್ನೊಂದು ತಿನ್ನುತ್ತವೆ. 600 ಕಿಲೋಮೀಟರಿಗೇ ಗೇರ್‌ಬಾಕ್ಸ್ ಗೋಳಿಡಲು ಶುರುಮಾಡಿತು. ಎಂಜಿನ್ ಕೂರಿಸುವ ಫೌಂಡೇಷನ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್, ಸೈಲೆನ್ಸರ್ ಎಂದು ಒಟ್ಟು 2,10,000 ರೂಪಾಯಿ ಆಯಿತು.

ಹಣ ಹೋದದ್ದನ್ನು ಮರೆಯುತ್ತಿದ್ದೆ. ಬ್ರೇಕಿನ ವಿಷಯವನ್ನು ಮರೆಯಲಾರೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಹುಟ್ಟುವ ಹಾಗೆ ಡೀಸೆಲ್ ಎಂಜಿನ್ನಿನ ಗಾಳಿಕೊಳವೆಯಲ್ಲಿ ನಿರ್ವಾತ ಹುಟ್ಟುವುದಿಲ್ಲ. ಕಾಲಿನ ಒತ್ತಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಬೇರೆ ಪಂಪೇ ಎಳೆದುಕೊಡಬೇಕು. ಈ ಟೊಯೊಟಾ ಎಂಜಿನ್ನುಗಳಲ್ಲಿ ಆ ಪುಟ್ಟ ಪಂಪ್ ಇರುವುದು ಆಲ್ಟರ್ನೇಟರಿನ ಬೆನ್ನಿಗೆ. ಗುಜರಿಯವನು ಮೂಲ ಆಲ್ಟರ್ನೇಟರನ್ನು ಬಿಚ್ಚಿಕೊಂಡು ಬೇರೊಂದನ್ನು ಕಟ್ಟಿದ್ದ, ಅದಕ್ಕೆ ಪಂಪೇ ಇರಲಿಲ್ಲ. ಪೆಡಲ್ ಗಟ್ಟಿಯಾಗಿದೆ ಎಂದು ಮೊದಲ ದಿನವೇ ಹೇಳಿದೆ. ಹೊಸ ಬ್ರೇಕ್ ಶೂ, ಹೊಂದಿಕೊಳ್ಳುತ್ತದೆ ಎಂದ ಮೆಕ್ಯಾನಿಕ್. ಖಾಲಿ ಗಾಡಿ ಬಲವಾಗಿ ಒತ್ತಿದರೆ ಹೇಗೋ ನಿಲ್ಲುತ್ತಿತ್ತು.

ಮೊದಲ ಬಾರಿ 18 ಚೀಲ ಮೆಕ್ಕೆಜೋಳ ಹೇರಿಕೊಂಡು ಎಪಿಎಂಸಿಗೆ ಹೊರಟಾಗ ಪಕ್ಕದಲ್ಲಿ ಅಪ್ಪ ಕುಳಿತಿದ್ದರು. ಹದಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಪೆಡಲ್ ಕಲ್ಲಿನ ಹಾಗಿತ್ತು. ಎರಡೂ ಕಾಲಿಟ್ಟು ಸೀಟಿನಿಂದ ಮೇಲೆದ್ದು ಒತ್ತಿದರೂ ಗಾಡಿ ಸಾಗುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದು ಗದ್ದೆಯ ಬದುವಿಗೆ ನುಗ್ಗಿಸಿದೆ. ಅಪ್ಪನ ಹಣೆಗೆ ಆರು ಹೊಲಿಗೆ ಬಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅಪ್ಪ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ.

ಆಮೇಲೆ ಚಿತ್ರದುರ್ಗದ ಒಬ್ಬ ಹಳೆಯ ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿದರು. ಅದು 2ಎಲ್-ಟಿ ಅಲ್ಲವೇ ಅಲ್ಲ. ಕ್ವಾಲಿಸ್‌ನಲ್ಲಿ ಬರುತ್ತಿದ್ದ, ಟರ್ಬೊ ಇಲ್ಲದ 2446 ಸಿಸಿಯ 2ಎಲ್ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಬಿಗಿದಿದ್ದರು. ಟರ್ಬೊ ಡೀಸೆಲ್ ಪಂಪಿನ ತಲೆಯ ಮೇಲೆ, ಗಾಳಿಯ ಒತ್ತಡಕ್ಕೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಒಂದು ದುಂಡನೆಯ ಡಬ್ಬಿ ಇರುತ್ತದೆ, ಅದಕ್ಕೊಂದು ಸಣ್ಣ ಪೈಪು ಬರುತ್ತದೆ. ಇದರಲ್ಲಿ ಡಬ್ಬಿಯೂ ಇಲ್ಲ, ಪೈಪೂ ಇಲ್ಲ. ಕೊಳ್ಳುವ ದಿನ ಪಂಪಿನ ಕಡೆ ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗಿನ ಒತ್ತಡ) ಅಳೆದರೆ ಮೂರು ಸಿಲಿಂಡರ್ 380 ಪಿಎಸ್‌ಐ ಆಸುಪಾಸು ತೋರಿಸಿದವು, ನಾಲ್ಕನೆಯದು 260, ಅಂದರೆ ಅದು ಸೋರುತ್ತಿತ್ತು.

ಎಫ್‌ಸಿಗೆ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರಕ್ಕೆ ಹೋದಾಗ ಉಳಿದದ್ದೂ ಮುಗಿಯಿತು. ಆರ್‌ಸಿಯಲ್ಲಿರುವ ಎಂಜಿನ್ ನಂಬರು ಗಾಡಿಯಲ್ಲಿಲ್ಲ, ಗಾಡಿಯಲ್ಲಿರುವ ಎಂಜಿನ್ನಿಗೆ ನಂಬರೇ ಇಲ್ಲ. ಬಣ್ಣ ಕೆರೆದರೆ ಗ್ರೈಂಡರ್ ಹೊಡೆದ ಗೀರುಗಳು. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದ್ದಾರೆ. ಆರ್‌ಟಿಒ ಅನುಮತಿ ಎಂಜಿನ್ ಕೊಳ್ಳುವ ಮೊದಲೇ ಕೇಳಬೇಕಾದದ್ದು. ನಂಬರು ಅಳಿಸಿದ ಎಂಜಿನ್ ಯಾರ ಗಾಡಿಯಿಂದ ಕದ್ದದ್ದೋ ಎಂಬ ಪ್ರಶ್ನೆ ಬೇರೆ.

ಹಳೆಯ ಎಂಜಿನ್ ಇದ್ದಿದ್ದರೆ ಬೋರ್ ಮಾಡಿಸಿ ಮತ್ತೆ ಕೂರಿಸಬಹುದಿತ್ತು. ದಯವಿಟ್ಟು, ಯಾವ ಕಾರಣಕ್ಕೂ ನಿಮ್ಮ ಆರ್‌ಸಿಯ ನಂಬರಿರುವ ಬ್ಲಾಕನ್ನು ವಿನಿಮಯಕ್ಕೆ ಕೊಡಬೇಡಿ, ಕೊಟ್ಟಿಗೆಯ ಮೂಲೆಯಲ್ಲಾದರೂ ಬಿದ್ದಿರಲಿ. ನಾನು ಗುಜರಿಗೆ ಓಡಿಹೋಗುವಷ್ಟರಲ್ಲಿ ಅದನ್ನು ಒಡೆದು ತೂಕಕ್ಕೆ ಹಾಕಿಯಾಗಿತ್ತು. ಹಿಂದೊಮ್ಮೆ ಎಫ್‌ಸಿಗೆಂದು ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿ ತೆಗೆದ ಪೆನ್ಸಿಲ್ ಅಚ್ಚೊಂದು ಅಪ್ಪನ ಕಡತದಲ್ಲಿದೆ. ನಮ್ಮ ಬಳಿ ಉಳಿದಿರುವುದು ಅಷ್ಟೇ.

ಈಗ ಅದೇ 1948 ಸಿಸಿಯ ಸುಮೋ ಎಂಜಿನ್ ಒಂದನ್ನು ನೋಡಿದ್ದೇವೆ. ಮಾರುವವರ ಹೆಸರಿನ ಆರ್‌ಸಿ ಇದೆ, ನಂಬರು ಓದಲು ಬರುತ್ತದೆ, ಬೆಳಗಿನ ಚಳಿಯಲ್ಲಿ ನಾನೇ ಚಾಲೂ ಮಾಡಿಸಿ ನೋಡಿದೆ, ನಾಲ್ಕೂ ಸಿಲಿಂಡರ್ ಅಳೆಸಿದೆ, ಆಲ್ಟರ್ನೇಟರಿನ ಹಿಂದೆ ಪಂಪ್ ಇದೆ. ಆರ್‌ಟಿಒಗೆ ಅರ್ಜಿ ಕೊಟ್ಟಿದ್ದೇನೆ. ಅನುಮತಿ ಕೈಗೆ ಬರುವವರೆಗೆ ಹಣ ಕೊಡುವುದಿಲ್ಲ ಎಂದು ಮಾರುವವರಿಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.